ಅಡುಗೆಮನೆಯ ಕೆಳಗಿನ ಮುಚ್ಚಳ

ಒಳಚರಂಡಿ ಕಚೇರಿಯವನು ನಮ್ಮ ಬಚ್ಚಲುಮನೆಯ ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಮರೆಯುವ ಮನಸ್ಸೂ ಇಲ್ಲ. ನೆಲದ ತೂತಿನಿಂದ ಕಪ್ಪು ನೀರು ಗುಳುಗುಳು ಎಂದು ಮೇಲೆ ಬರುತ್ತಿತ್ತು. ಅದರಲ್ಲಿ ಯಾರ ಮನೆಯದೋ ಕೂದಲಿನ ಉಂಡೆ, ಯಾರ ಮನೆಯದೋ ಇನ್ನೇನೋ ತೇಲುತ್ತಿದ್ದವು. ನನ್ನ ಹೆಂಡತಿ ಇಟ್ಟಿಗೆಯ ಮೇಲೆ ನಿಂತು ಪೊರಕೆಯಿಂದ ಅದನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಅವನು ಇದನ್ನೆಲ್ಲ ನೋಡಿ, "ಇದರಲ್ಲಿ ಹೇಗ್ರೀ ಇರ್ತೀರ?" ಎಂದ. ನಾವೇನೋ ಆಸೆಪಟ್ಟು ಆ ನೀರನ್ನು ಮನೆಗೆ ಕರೆದುಕೊಂಡು ಬಂದಿದ್ದೇವೆ ಎನ್ನುವ ಹಾಗೆ.

"ನೀವು ಸರಿಮಾಡಿಕೊಡಿ, ಇರಲ್ಲ," ಎಂದೆ.

ಅವನು ಮೊಬೈಲು ತೆಗೆದು, ಬೆರಳಿನಿಂದ ಉಜ್ಜಿ ನನ್ನ ಮುಂದೆ ಹಿಡಿದ. ಪಕ್ಕದ ಬೀದಿಗಳಲ್ಲೆಲ್ಲ ಹಸಿರು ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಗೆರೆ. ನಮ್ಮ ಗಲ್ಲಿ ಇರಬೇಕಾದ ಜಾಗ ಬೋಳಾಗಿತ್ತು.

"ನಿಮ್ಮ ಗಲ್ಲಿ ಮ್ಯಾಪಲ್ಲೇ ಇಲ್ಲ. ಮ್ಯಾಪಲ್ಲಿ ಬರದೆ ಹೊಸ ಪೈಪು ಬರಲ್ಲ."

"ಹಾಗಾದ್ರೆ ನೀವೀಗ ನಿಂತಿರೋದು ಎಲ್ಲಿ?"

ಅವನು ಪ್ಯಾಂಟಿನ ಅಂಚು ಎತ್ತಿ ಹಿಡಿದುಕೊಂಡು ಹೋದ. ಕರವಸ್ತ್ರ ಮಾತ್ರ ಗಲ್ಲಿಯ ತುದಿಯವರೆಗೂ ಮೂಗಿನ ಮೇಲೇ ಇತ್ತು.

ನಾನು ಅಂಗಡಿಗಳ ಷಟರ್ ರಿಪೇರಿ ಮಾಡುವವನು. ಸ್ಪ್ರಿಂಗು, ಬೀಗ, ಗ್ರೀಸು, ಇಷ್ಟೇ ನನ್ನ ಲೋಕ. ಮ್ಯಾಪು, ಚುಕ್ಕೆ ಇವೆಲ್ಲ ನನಗೆ ಗೊತ್ತಾದದ್ದು ನನ್ನ ನಾದಿನಿಯಿಂದ. ನಾನು ಬರೆಯಹೊರಟಿರುವುದೂ ಅವಳ ವಿಚಾರವನ್ನೇ.

ಅವಳು ನನ್ನ ಹೆಂಡತಿಯ ತಂಗಿ. ಗಂಡನ ಮನೆ ಒಗ್ಗದೆ ಒಂದು ಟ್ರಂಕು ಹಿಡಿದು ಬಂದವಳು ನಮ್ಮ ಹಿಂದಿನ ಕೋಣೆಯಲ್ಲಿ ಉಳಿದಳು. ಬಂದ ದಿನವೇ, "ಭಾವ, ನಾನು ಅತ್ಕೊಂಡು ಕೂರೋಳಲ್ಲ, ಹೆದರ್ಕೋಬೇಡಿ. ಊಟ ಮಾತ್ರ ಜಾಸ್ತಿ ಮಾಡ್ತೀನಿ," ಎಂದಳು. ಎರಡೂ ನಿಜವಾಯಿತು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಹಾಲಿನ ಡಿಪೋದಲ್ಲಿದ್ದಳು, ಎಲ್ಲ ಕಡೆಯೂ ಮಾಲೀಕರ ಜೊತೆ ವಾದ ಮಾಡಿ ಬಿಟ್ಟು ಬಂದಳು. ಹಟ ಎಂದರೆ ಹಟ. ತಾನು ಹೇಳಿದ್ದು ಸರಿ ಎಂದು ಎದುರಿನವನು ಒಪ್ಪುವವರೆಗೂ ಜಾಗ ಬಿಟ್ಟು ಕದಲುವವಳಲ್ಲ. ಹೆಂಡತಿ ಕರುಣೆಪಟ್ಟು ಸುಮ್ಮನಿರುತ್ತಿದ್ದಳು. ನನಗೂ ಅವಳಿಗೂ ವಾರಕ್ಕೊಂದು ಜಗಳ ಗ್ಯಾರಂಟಿ.

ಕೊನೆಗೆ ಒಳಚರಂಡಿ ಸರ್ವೆಯ ಕೆಲಸ ಸಿಕ್ಕಿತು. ಹಳೆಯ ಪೈಪುಗಳು ನೆಲದಡಿಯಲ್ಲಿ ಎಲ್ಲೆಲ್ಲಿ ಹೋಗಿವೆ ಎಂಬುದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಕಿದವರೆಲ್ಲ ಸತ್ತುಹೋಗಿದ್ದರು. ಆದ್ದರಿಂದ ಬೀದಿಬೀದಿಯಲ್ಲಿ ಪೈಪುಗಳು ಕೂಡುವ ಗುಂಡಿಗಳ, ಅಂದರೆ ಚೇಂಬರುಗಳ, ಮುಚ್ಚಳಗಳನ್ನು ಹುಡುಕಿ, ಕಚೇರಿ ಕೊಟ್ಟ ಮೊಬೈಲಿನಲ್ಲಿ ಒಂದೊಂದನ್ನೂ ಚುಕ್ಕೆಯಾಗಿ ಇಳಿಸಬೇಕು. ಆ ಚುಕ್ಕೆಗಳ ಮೇಲೆ ಹೊಸ ಪೈಪಿನ ದಾರಿ ತೀರ್ಮಾನವಾಗುತ್ತದೆ.

ಕೇಳಲು ಸುಲಭ. ಮುಚ್ಚಳದ ಮೇಲೇ ನಿಲ್ಲಬೇಕು. ಪರದೆಯಲ್ಲಿ ಒಂದು ದೊಡ್ಡ ನೀಲಿ ವೃತ್ತ ಬರುತ್ತದೆ. ನಾವು ನಿಂತಿರುವ ಜಾಗದ ಬಗ್ಗೆ ಮೊಬೈಲಿಗಿರುವ ಅನುಮಾನ ಅದು. ಅಲ್ಲಾಡದೆ ನಿಂತರೆ ಅನುಮಾನ ಕಡಿಮೆಯಾಗುತ್ತ ವೃತ್ತ ಕುಗ್ಗುತ್ತದೆ. ಉಂಗುರದಷ್ಟು ಕುಗ್ಗಿದ ಮೇಲೆ ಮುಚ್ಚಳದ ಫೋಟೋ ತೆಗೆದು, ಉಳಿಸು ಎಂಬ ಗುಂಡಿ ಒತ್ತಬೇಕು. ದೊಡ್ಡದಿದ್ದಾಗ ಒತ್ತಿದರೆ ಆ್ಯಪು ತಗೊಳ್ಳುವುದಿಲ್ಲ.

ವೃತ್ತ ಕುಗ್ಗುವವರೆಗೂ ಅವಳು ನಡುರಸ್ತೆಯಲ್ಲಿ ನಿಲ್ಲುತ್ತಿದ್ದಳು. ನನ್ನ ಹಳೆಯ ಬೂಟು ಹಾಕಿಕೊಂಡು, ಮೊಬೈಲನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದುಕೊಂಡು. ಬೈಕಿನವರು ಹಾರ್ನ್ ಹೊಡೆದು ಬೈದು ಸುತ್ತಿಕೊಂಡು ಹೋಗುತ್ತಿದ್ದರು. ಕಾಲ ಕೆಳಗಿನ ತೂತಿನಿಂದ ಜಿರಳೆಗಳು ಹೊರಬಂದು ಬೂಟಿನ ಮೇಲೆ ಹರಿದಾಡುತ್ತಿದ್ದವು. ಕದಲಿದರೆ ವೃತ್ತ ಮತ್ತೆ ಹಿಗ್ಗುತ್ತದೆಂದು ಅವನ್ನೂ ಕೊಡವುತ್ತಿರಲಿಲ್ಲ. ಗಲ್ಲಿಯ ಜನ ಅವಳಿಗೆ ಗೂಟ ಎಂದು ಹೆಸರಿಟ್ಟರು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಗೂಟ ಬಂತು, ದನ ಕಟ್ಕೊಳ್ಳಿ," ಎಂದು ತಾನೇ ಹೇಳಿಕೊಂಡು ಮನೆಯೊಳಗೆ ಬರುತ್ತಿದ್ದಳು.

ಹೆಂಡತಿ ಬಾಗಿಲಲ್ಲೇ ತಡೆಯುತ್ತಿದ್ದಳು. "ಬೂಟು ಆಚೆ. ಕಾಲು ಆಚೆ. ನಿನ್ನನ್ನೇ ಆಚೆ ಇಡಬೇಕು, ಎಷ್ಟು ನಾರ್ತೀಯ."

"ಆ್ಯಪಲ್ಲಿ ಎಲ್ಲಾ ಕೇಳ್ತಾರೆ ಅಕ್ಕಾ. ಮುಚ್ಚಳ ಒಡೆದಿದೆಯಾ, ತುಂಬಿದೆಯಾ, ಅಗಲ ಎಷ್ಟು. ವಾಸನೆಗೊಂದು ಬಟನ್ ಇಟ್ಟಿಲ್ಲ ನೋಡು. ಇಟ್ಟಿದ್ರೆ ಅದನ್ನ ಮೊಬೈಲಿಗೆ ಬಿಟ್ಟು ಬರ್ತಿದ್ದೆ."

ಅವಳ ಜೊತೆಗೆ ಸರ್ವೆಗೆ ಸೇರಿದವರಿಗೆ ಇಷ್ಟು ತಾಳ್ಮೆ ಇರಲಿಲ್ಲ. ಒಬ್ಬ ಚಹಾದಂಗಡಿಯ ಬೆಂಚಿನಲ್ಲಿ ಕೂತು, ಒಂದೇ ಮುಚ್ಚಳವನ್ನು ಬೇರೆ ಬೇರೆ ಕೋನದಿಂದ ಫೋಟೋ ಹೊಡೆದು ಇಡೀ ಬೀದಿಯ ಕೆಲಸ ಮುಗಿಸಿದ್ದ. ಮ್ಯಾಪಿನಲ್ಲಿ ಆ ಚಹಾದಂಗಡಿಯ ಮೇಲೆ ಚುಕ್ಕೆಗಳು ನೊಣದ ಹಾಗೆ ಮುತ್ತಿಕೊಂಡಿದ್ದವು. ಊರಿನ ಕೊಳೆಯೆಲ್ಲ ಆ ಒಂದು ಬೆಂಚಿನ ಕೆಳಗೇ ಹರಿಯುತ್ತಿದೆ ಅನ್ನಬೇಕು. ಇದು ಗೊತ್ತಾದ ಮೇಲೆ ಆ ಕರವಸ್ತ್ರದವನು ಹೊಸ ನಿಯಮ ತಂದ. ಫೋಟೋದಲ್ಲಿ ಮುಚ್ಚಳವೂ ಕಾಣಬೇಕು, ಅದರ ಸುತ್ತಲಿನ ಜಾಗವೂ ಕಾಣಬೇಕು. ಅವನು ಕಚೇರಿಯಲ್ಲಿ ಕೂತು ಒಂದೊಂದನ್ನೂ ನೋಡಿ ಒಪ್ಪಿದರೆ ಚುಕ್ಕೆ ಹಸಿರು, ಇಲ್ಲದಿದ್ದರೆ ಕೆಂಪು. ಹೊಲಸು ಕೆಲಸ ಮಾಡಿದವರು ಯಾರೋ, ಅದರ ಬಿಗಿ ಬಿದ್ದದ್ದು ಎಲ್ಲರ ಮೇಲೆ.

ಅವನು ನಮ್ಮ ಮನೆಗೆ ಬಂದು ಹೋದ ಮೇಲೆ ನಾದಿನಿ ಜಗಳ ಮಾಡಿ ನಮ್ಮ ಗಲ್ಲಿಯನ್ನು ತನ್ನ ಪಾಲಿಗೆ ಹಾಕಿಸಿಕೊಂಡಳು. ಮಳೆಗಾಲದೊಳಗೆ ಮ್ಯಾಪು ಮುಗಿಯಬೇಕಿತ್ತು. ಬಿಟ್ಟುಹೋದ ಗಲ್ಲಿಗಳು ಬಿಟ್ಟುಹೋದಂತೆಯೇ. ಬೇಗ ಬೇಗ ಎಲ್ಲ ಮುಚ್ಚಳಗಳ ಮೇಲೂ ನಿಂತು ಮುಗಿಸಿದಳು. ನಮ್ಮ ಮನೆಯ ಮುಂದಿನದು, ಹೊಲಿಗೆಯವಳ ಮನೆಯ ಮೆಟ್ಟಿಲ ಕೆಳಗಿನದು, ಎಲ್ಲವೂ ಹಸಿರಾದವು. ಒಂದು ಉಳಿಯಿತು. ಎಲ್ಲ ಮನೆಗಳ ಕೊಳೆಯನ್ನೂ ಸೇರಿಸಿಕೊಂಡು ದೊಡ್ಡ ರಸ್ತೆಯ ಪೈಪಿಗೆ ದಾಟಿಸುವ ಕೊನೆಯ ಚೇಂಬರು. ಅದು ಇಲ್ಲದೆ ನಮ್ಮ ಗಲ್ಲಿಯ ಗೆರೆ ಎಲ್ಲಿಗೂ ಸೇರದೆ ಮ್ಯಾಪಿನಲ್ಲಿ ಜೋತಾಡುತ್ತಿತ್ತು. ಎಲ್ಲಿಗೂ ಸೇರದ ಗೆರೆಯನ್ನು ಕಚೇರಿಯವರು ಅಳಿಸಿಹಾಕುತ್ತಾರೆ.

ಆ ಚೇಂಬರು ಎಲ್ಲಿದೆ ಎಂಬುದು ಗಲ್ಲಿಗೆಲ್ಲ ಗೊತ್ತು. ತಿರುವಿನಲ್ಲಿರುವ ಮನೆಯ ಅಡುಗೆಮನೆಯಲ್ಲಿ. ಆ ಮನೆ ನನ್ನ ಹೆಂಡತಿಯ ಅಣ್ಣನದು.

ಅವನು ಬಟ್ಟೆ ಅಂಗಡಿಯಲ್ಲಿ ಮೇಲ್ವಿಚಾರಕ. ದಿನಾ ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ. ಅದಕ್ಕೆ ಗಲ್ಲಿಯಲ್ಲಿ ಅವನ ಹೆಸರು ಗರಿಗರಿ. ಮನೆ ಸಣ್ಣದಾಯಿತೆಂದು ಹಿಂದೆ ಒಂದು ವರ್ಷ ಹೊರಗಿನ ಜಾಗವನ್ನು ಒತ್ತಿಕೊಂಡು ಅಡುಗೆಮನೆ ಎಳೆದ. ಚೇಂಬರು ಒಳಗೆ ಸೇರಿಕೊಂಡಿತು. ಗಾರೆಯವನು ಮುಂದೆ ತೆಗೆಯಬೇಕಾದೀತು ಎಂದು ಮುಚ್ಚಳವನ್ನು ಹಾಗೇ ಬಿಟ್ಟು ಅದರ ಸುತ್ತ ನೆಲ ಮಾಡಿದ್ದ. ಗರಿಗರಿ ಅದರ ಮೇಲೆ ಪಾತ್ರೆಯ ಕಪಾಟು ಇಟ್ಟ. ಅಷ್ಟಕ್ಕೇ ಅದು ಜಗತ್ತಿನಿಂದ ಮಾಯವಾಯಿತು ಎಂದು ಅವನ ಲೆಕ್ಕ.

ನಾದಿನಿ ಅಣ್ಣನನ್ನು ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಅವನು ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತ ಕನ್ನಡಿಯ ಮುಂದಿದ್ದ.

"ನಮ್ಮನೇಲಿ ಚೇಂಬರ್ ಎಲ್ಲಿದೆ?"

"ಕಪಾಟಿನ ಕೆಳಗಿದೆ ಅಣ್ಣ. ನಾನೇ ನೋಡಿದೀನಿ. ಒಂದು ಫೋಟೋ, ಅಷ್ಟೇ."

"ಫೋಟೋ ಅಂತೀಯ. ನಾಳೆ ಅವರು ಬಂದು ಅಡುಗೆಮನೆ ಒಡೆದು ಹಾಕಿದ್ರೆ? ಪರ್ಮಿಷನ್ ಎಲ್ಲಿ ಅಂದ್ರೆ ನಿನ್ನ ಮೊಬೈಲ್ ತೋರಿಸ್ಲಾ?"

"ಹೊಸ ಪೈಪು ಮನೆ ಆಚೆ ಹೋಗುತ್ತೆ. ಹಳೇದು ಎಲ್ಲಿದೆ ಅಂತ ಗೊತ್ತಾದ್ರೆ ಸಾಕು ಅವರಿಗೆ."

"ಅವರು ಹಾಗಂತ ಬರ್ಕೊಡ್ತಾರಾ?"

ನನಗೆ ಸುಮ್ಮನಿರಲಾಗಲಿಲ್ಲ. "ನಿಮ್ಮ ಅಂಗಿ ಗರಿಗರಿ ಇರಲಿ ಅಂತ ನಾವು ಇಡೀ ಗಲ್ಲಿ ಹೇಲು ನೀರಲ್ಲಿ ನಿಲ್ಬೇಕೇನ್ರೀ?" ಎಂದೆ.

"ನಿಮ್ಮ ಬಚ್ಚಲು ನೀವು ಕ್ಲೀನ್ ಇಟ್ಕೊಳ್ಳಿ," ಎಂದ. ಅವನ ಕುತ್ತಿಗೆಪಟ್ಟಿ ಹಿಡಿಯಲು ನನ್ನ ಕೈ ಅರ್ಧದವರೆಗೆ ಹೋಗಿತ್ತು. ನಾದಿನಿ ನನ್ನನ್ನು ದರದರ ಎಳೆದುಕೊಂಡು ಬಂದಳು.

ಕೊನೆಗೆ ನಮಗೆ ಆ ಅಡುಗೆಮನೆಯ ಬಾಗಿಲು ತೆರೆದವಳು ಅವನ ಹೆಂಡತಿ. ಮಾರನೆಯ ದಿನ ಅವನು ಅಂಗಡಿಗೆ ಹೋದ ಮೇಲೆ ಅವಳೇ ನಮ್ಮ ಮನೆಗೆ ಬಂದು, "ಬನ್ನಿ, ಅವರು ಊಟಕ್ಕೆ ಬರೋದ್ರೊಳಗೆ ಮುಗಿಸಿಬಿಡಿ," ಎಂದಳು. ಆ ಮುಚ್ಚಳದ ಪಕ್ಕ ನಿಂತು ಅಡುಗೆ ಮಾಡುವವಳು ಅವಳಲ್ಲವೇ. ಗರಿಗರಿ ತಿನ್ನಲು ಮಾತ್ರ ಒಳಗೆ ಬರುತ್ತಿದ್ದ.

ಕಪಾಟು ಸರಿಸಿದೆವು. ನಾನು ಕಬ್ಬಿಣದ ಕೆಲಸದವನು, ಗ್ರೀಸು, ತುಕ್ಕು, ಇಲಿ ಸತ್ತ ಷಟರ್ ಪೆಟ್ಟಿಗೆ ಎಲ್ಲ ನೋಡಿದವನು. ಆದರೂ ಒಂದು ಹೆಜ್ಜೆ ಹಿಂದೆ ಸರಿದೆ. ಮುಚ್ಚಳದ ಸುತ್ತಲಿನ ಸಂದಿಯಲ್ಲಿ ಕಂದು ಬಣ್ಣದ ಲೋಳೆ ಉಬ್ಬಿಕೊಂಡಿತ್ತು. ಕಪಾಟಿನ ಹಿಂಭಾಗದ ಹಲಗೆ ಒದ್ದೆಯಾಗಿ ಬೂಸ್ಟು ಹಿಡಿದು ರಟ್ಟಿನ ಹಾಗೆ ಬಾಗಿತ್ತು. ಅದರ ಆಚೆಬದಿಗೆ ತಟ್ಟೆಗಳನ್ನು ಒಪ್ಪವಾಗಿ ಜೋಡಿಸಿದ್ದರು. ಜಿರಳೆಗಳು ಬೆಳಕು ಕಂಡು ತಟ್ಟೆಗಳ ಸಾಲಿನೊಳಕ್ಕೆ ಓಡಿದವು.

"ದಿನಾ ಎರಡು ಸಲ ತೊಳೀತೀನಿ ತಟ್ಟೆ," ಎಂದಳು ಅವಳು. ಯಾರೂ ಕೇಳಿರಲಿಲ್ಲ.

ನಾದಿನಿ ಮುಚ್ಚಳದ ಮೇಲೆ ನಿಂತಳು. ವೃತ್ತ ಕುಗ್ಗಲಿಲ್ಲ. ಮೊಬೈಲಿಗೆ ಆಕಾಶ ಕಾಣಬೇಕು. ತಲೆಯ ಮೇಲೆ ಕಾಂಕ್ರೀಟು. ವೃತ್ತ ಒಮ್ಮೆ ಪಕ್ಕದ ಮನೆಗೆ ಹೋಗಿಬರುತ್ತಿತ್ತು, ಒಮ್ಮೆ ದೊಡ್ಡ ರಸ್ತೆಯನ್ನೂ ನುಂಗುತ್ತಿತ್ತು. ಅವಳು ಕೈಯನ್ನು ಕಿಟಕಿಯಾಚೆ ಚಾಚಿ ನೋಡಿದಳು, ಪ್ರಯೋಜನವಾಗಲಿಲ್ಲ.

"ಮಾಳಿಗೆ ಮೇಲೆ ಹೋಗೋಣ," ಎಂದಳು.

ಮಾಳಿಗೆಯ ತೊಟ್ಟಿಯಿಂದ ಒಂದು ನೀರಿನ ಪೈಪು ಚಾವಣಿ ತೂರಿಕೊಂಡು ಅಡುಗೆಮನೆಗೆ ಇಳಿದಿತ್ತು. ಕೆಳಗೆ ಆ ಪೈಪಿನಿಂದ ಮುಚ್ಚಳದ ನಡುವಿಗೆ ದಾರ ಹಿಡಿದು ಗಂಟು ಹಾಕಿದೆವು. ಮೇಲೆ ಅದೇ ಪೈಪಿನಿಂದ ಅದೇ ದಿಕ್ಕಿಗೆ ದಾರ ಎಳೆದು, ಗಂಟು ಬಂದ ಕಡೆ ಇದ್ದಿಲಿನಿಂದ ಗುರುತು ಹಾಕಿದಳು. ಅಲ್ಲಿ ನಿಂತಾಗ ವೃತ್ತ ಸೊರಗಿ ಉಂಗುರವಾಯಿತು. ಅವಳ ಕಾಲ ಕೆಳಗೆ ಚಾವಣಿ, ಅದರ ಕೆಳಗೆ ಮುಚ್ಚಳ. ಒಂದೇ ನೇರ. ಆದರೆ ಫೋಟೋ ಹೊಡೆಯಲು ಅಲ್ಲೇನಿದೆ? ಬರೀ ಸಿಮೆಂಟು. ಆ್ಯಪಿನಲ್ಲಿ ಚುಕ್ಕೆಯನ್ನೂ ಫೋಟೋವನ್ನೂ ಒಟ್ಟಿಗೇ ತೆಗೆಯಬೇಕು. ಮುಚ್ಚಳವಿಲ್ಲದ ಫೋಟೋ ಕಚೇರಿಗೆ ಹೋದ ಗಳಿಗೆಯಲ್ಲೇ ಕೆಂಪು.

ಅವಳು ಇದ್ದಿಲಿನ ಗುರುತಿನ ಸುತ್ತಲಿನ ಧೂಳನ್ನು ಕಾಲಿನಿಂದ ಸರಿಸಿದಳು. ಆಮೇಲೆ, "ಭಾವ, ನಿಮ್ಮ ಗುಜರಿ ರಾಶೀಲಿ ಒಂದು ಒಡೆದ ಮುಚ್ಚಳ ಇತ್ತಲ್ಲ, ತರ್ತೀರಾ?" ಎಂದಳು.

"ತಲೆ ನೆಟ್ಟಗಿದೆಯಾ ನಿಂದು?"

"ಜಾಗ ನಿಜ. ಮುಚ್ಚಳ ಇರೋದೂ ನಿಜ. ಇದು ಮಾತ್ರ ಅದರ ಬದಲಿಗೆ ಕೂರುತ್ತೆ. ಕಚೇರೀಲಿ ಸಾಹೇಬ್ರು ರಜಾ ಹಾಕಿದ್ರೆ ಇನ್ನೊಬ್ಬರು ಕೂರಲ್ವಾ, ಹಾಗೆ."

ಬೈಯುತ್ತಲೇ ತಂದೆ. ಅದರ ಭಾರಕ್ಕೆ ಏಣಿ ಕಿರುಗುಟ್ಟಿತು. ಗುರುತಿನ ಮೇಲೆ ಮುಚ್ಚಳ ಇಟ್ಟು, ಸುತ್ತ ಒಂದಿಷ್ಟು ಮಣ್ಣು ಸುರಿದಳು. ಗರಿಗರಿಯ ಹೆಂಡತಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಳು. "ಮಾಳಿಗೆ ಮೇಲೆ ಚರಂಡಿ ಇರೋ ಮನೆ ನಮ್ಮದೊಂದೇ ಇರ್ಬೇಕು," ಎಂದಳು. ನಾದಿನಿ ಫೋಟೋ ಹೊಡೆದಳು. ನಮ್ಮ ಗಲ್ಲಿಯ ಗೆರೆ ದೊಡ್ಡ ರಸ್ತೆಯ ಗೆರೆಗೆ ಹೋಗಿ ಸೇರಿತು. ಅವಳು ಅದನ್ನು ನನಗೆ ತೋರಿಸಿದಾಗ ಅವಳ ಮುಖ ನೋಡಬೇಕಿತ್ತು. ನಾನು ಅವಳೊಂದಿಗೆ ಜಗಳವಾಡದ ವಾರ ಅದೊಂದೇ ಇರಬೇಕು.

ಕರವಸ್ತ್ರದವನಿಗೆ ಕಣ್ಣು ಚೆನ್ನಾಗಿತ್ತು. ಫೋಟೋದ ಮೂಲೆಯಲ್ಲಿ ಬಟ್ಟೆ ಒಣಗುವ ತಂತಿ, ಅದರ ಮೇಲೆ ಗರಿಗರಿಯ ಎರಡು ಅಂಗಿ. ಅದರಾಚೆ ಪಕ್ಕದ ಮನೆಯ ನೀರಿನ ತೊಟ್ಟಿ, ಅದೂ ನೆಲದ ಮಟ್ಟದಲ್ಲೇ ಇದ್ದ ಹಾಗೆ. ಖುದ್ದಾಗಿ ಪರಿಶೀಲನೆಗೆ ಬರುವುದಾಗಿ ಮನೆಯವನಿಗೆ ಫೋನು ಮಾಡಿದ. ಮಾಡಬಾರದಿತ್ತು. ಅವನು ಬರುವಷ್ಟರಲ್ಲಿ ಗರಿಗರಿ ಹೆಂಡತಿಯನ್ನು ತವರಿಗೆ ಅಟ್ಟಿ, ಮುಚ್ಚಳದ ಮೇಲೆ ಸಿಮೆಂಟು ಎಳೆಸಿ, ಬಿಳಿ ಟೈಲ್ಸ್ ಕೂರಿಸಿದ್ದ.

ಪರಿಶೀಲನೆಯ ದಿನ ನಾನು, ನಾದಿನಿ, ಕರವಸ್ತ್ರದವನು ಮೂವರೂ ಆ ಅಡುಗೆಮನೆಯಲ್ಲಿ ನಿಂತೆವು. ಟೈಲ್ಸ್ ಮಿರಮಿರ ಮಿಂಚುತ್ತಿತ್ತು. ಗರಿಗರಿ ಬಾಗಿಲಿಗೆ ಒರಗಿದ್ದ.

"ಇಲ್ಲಿ ಚೇಂಬರ್ ಇದೆಯಾ?"

"ಇಲ್ಲ ಸಾರ್. ಹುಡುಗೀಗೆ ಟಾರ್ಗೆಟ್ ಇತ್ತೇನೋ. ಹಳೇ ಮುಚ್ಚಳ ತಂದು ನಮ್ಮ ಮಾಳಿಗೆ ಮೇಲೆ ಇಟ್ಕೊಂಡು ಏನೋ ನಾಟಕ ಮಾಡಿದಾಳೆ. ನಾನು ಮನೇಲಿರ್ಲಿಲ್ಲ."

ಹುಡುಗಿ ಎಂದ. ನನ್ನ ತಂಗಿ ಎನ್ನಲಿಲ್ಲ.

"ಟೈಲ್ಸ್ ಹೊಸದು ಸಾರ್, ನೋಡಿ, ಸಿಮೆಂಟ್ ಇನ್ನೂ ಹಸಿ ಇದೆ," ಎಂದು ಅವಳು ಮಂಡಿಯೂರಿ ಬೆರಳಲ್ಲಿ ಕೆರೆದು ತೋರಿಸಿದಳು. "ಒಂದು ಟೈಲ್ಸ್ ಎಬ್ಬಿಸಿ."

"ನಾನು ಜನರ ಮನೆ ಒಡೆಯೋಕೆ ಬಂದಿಲ್ಲಮ್ಮ. ಮಾಳಿಗೆ ಮೇಲೆ ಮುಚ್ಚಳ ಇಟ್ಟಿದ್ದು ನೀನೇನಾ?"

"ನಾನೇ."

"ಮತ್ತೆ?"

ಅವಳು ದಾರ, ಪೈಪು, ಗಂಟು ಎಲ್ಲ ಹೇಳಿದಳು. ಅವನು ಅರ್ಧಕ್ಕೇ ಕೈ ಎತ್ತಿದ. ಚಹಾದಂಗಡಿಯವನೂ ಹೀಗೇ ಕತೆ ಹೇಳಿದ್ದ ಎಂದ. ನಾನು ಮಧ್ಯೆ ಬಾಯಿ ಹಾಕಿದೆ, ಜೋರಾಗಿಯೇ ಹಾಕಿದೆ. ನಾನು ಅವಳ ಭಾವ ಎಂದು ಗೊತ್ತಾದ ಮೇಲೆ ನನ್ನ ಸಾಕ್ಷಿಗೆ ಕಾಸಿನ ಕಿಮ್ಮತ್ತು ಉಳಿಯಲಿಲ್ಲ. ಗರಿಗರಿ ಅವಳ ಅಣ್ಣ ಎಂದು ನಾನು ಹೇಳಿದಾಗ ಕರವಸ್ತ್ರದವನು, "ಸ್ವಂತ ಅಣ್ಣನೇ ಇಲ್ಲ ಅಂತಿದಾರಲ್ಲ," ಎಂದ. ಮೊಬೈಲನ್ನು ಅಲ್ಲೇ ವಾಪಸ್ಸು ಇಸಿದುಕೊಂಡ. ಅವಳ ಹೆಸರಿನ ಮುಂದೆ ಸುಳ್ಳು ಮಾಹಿತಿ ಎಂದು ಗುರುತು ಬಿತ್ತು. ನಮ್ಮ ಗಲ್ಲಿಯ ಗೆರೆ ಅಳಿಸಿಹೋಯಿತು.

ಆ ಮಳೆಗಾಲ ನಾವು ಹೇಗೆ ಕಳೆದೆವು ಎಂದು ಬರೆದರೆ ಓದುವವರಿಗೆ ಊಟ ಸೇರುವುದಿಲ್ಲ. ಹೊಸ ಪೈಪು ದೊಡ್ಡ ರಸ್ತೆಯಲ್ಲಿ ನಮ್ಮ ತಿರುವನ್ನು ದಾಟಿ ನೆಟ್ಟಗೆ ಹೋಯಿತು. ಜೊತೆಗೆ ನಮ್ಮ ಗಲ್ಲಿಯ ಹಳೆಯ ಪೈಪು ಆ ರಸ್ತೆಗೆ ಸೇರುತ್ತಿದ್ದ ಬಾಯನ್ನು ಮುಚ್ಚಿಬಿಟ್ಟರು, ಏಕೆಂದರೆ ಮ್ಯಾಪಿನ ಪ್ರಕಾರ ಅಲ್ಲಿಗೆ ಏನೂ ಬಂದು ಸೇರುತ್ತಿರಲಿಲ್ಲ. ನಮ್ಮ ಬಚ್ಚಲು ಬಿಡಿ, ಹಿಂದಿನ ಕೋಣೆಗೂ ನುಗ್ಗಿತು. ನಾದಿನಿ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಮಲಗುತ್ತಿದ್ದಳು. ನಗುವುದನ್ನು ಬಿಟ್ಟಿದ್ದಳು. ಊಟವೂ ಕಡಿಮೆಯಾಯಿತು. ಹಾದಿಯಲ್ಲಿ ಹೋಗುವವರು ಅವಳಿಗೆ ಕೇಳಿಸುವ ಹಾಗೆ, "ಮಾಳಿಗೆ ಮೇಲೆ ಚರಂಡಿ ತುಂಬಿದೆಯಂತೆ," ಎನ್ನುತ್ತಿದ್ದರು.

ಕೊಳೆನೀರು ಎಷ್ಟು ದಿನ ತಾಳುತ್ತದೆ. ಒಂದು ಬೆಳಿಗ್ಗೆ ಗರಿಗರಿಯ ಅಡುಗೆಮನೆಯಲ್ಲಿ ಆ ಬಿಳಿ ಟೈಲ್ಸ್ ಎದ್ದು ಒಡೆದು, ಇಡೀ ಗಲ್ಲಿಯ ಹೊಟ್ಟೆಯೊಳಗಿದ್ದದ್ದು ಅವನ ನಡುಮನೆಗೆ ಬಂತು. ಇಸ್ತ್ರಿ ಮಾಡಿ ಜೋಡಿಸಿದ್ದ ಅಂಗಿಗಳ ಕೆಳಗಿನ ಸಾಲು ಅದರಲ್ಲಿ ನೆನೆಯಿತು. ನನಗೆ ಸಂತೋಷವಾಗಬೇಕಿತ್ತು. ಆ ವಾಸನೆಯಲ್ಲಿ ಸಂತೋಷಪಡಲು ಸಹ ಬಾಯಿ ತೆರೆಯಲಾಗದು.

ತವರಿನಿಂದ ಬಂದಿದ್ದ ಅವನ ಹೆಂಡತಿ ಈ ಸಲ ಯಾರನ್ನೂ ಕೇಳಲಿಲ್ಲ. ತಾನೇ ಕಚೇರಿಗೆ ಹೋಗಿ ಕರವಸ್ತ್ರದವನನ್ನು ಕರೆದುಕೊಂಡು ಬಂದು, ಒಡೆದ ಟೈಲ್ಸ್ ನಡುವೆ ಬಾಯಿ ಬಿಟ್ಟುಕೊಂಡಿದ್ದ ಚೇಂಬರನ್ನು ತೋರಿಸಿದಳು. "ನಮ್ಮ ನಾದಿನಿ ಹೇಳಿದ್ದು ಇದನ್ನೇ," ಎಂದಳು. ಅವನು ಮಾಳಿಗೆ ಹತ್ತಿ, ಮೊಬೈಲು ಹಿಡಿದು ನಿಂತು, ಬೆವರು ಒರೆಸಿಕೊಂಡು ಇಳಿದ. ಅವನ ಚುಕ್ಕೆಗೆ ಯಾರೂ ಕೆಂಪು ಬಳಿಯಲಿಲ್ಲ. ನಮ್ಮ ಗಲ್ಲಿಗೆ ಬೇರೆಯೇ ಆದೇಶವಾಗಿ ಪೈಪು ಬಂತು. ಅಡುಗೆಮನೆಯನ್ನು ಯಾರೂ ಒಡೆಯಲಿಲ್ಲ, ಅದರ ಪಕ್ಕದಲ್ಲೇ ಹೋಯಿತು, ಅವಳು ಮೊದಲೇ ಹೇಳಿದ್ದ ಹಾಗೆ. ನಮ್ಮ ಬಚ್ಚಲಿನ ನೆಲ ಒಣಗಿದೆ. ಹೆಂಡತಿ ಇಟ್ಟಿಗೆಗಳನ್ನು ಆಚೆ ಎಸೆದಳು.

ನಾದಿನಿ ಕೆಲಸ ವಾಪಸ್ಸು ಕೇಳಲು ಹೋದಳು. ಕರವಸ್ತ್ರದವನು ಈಗ ಮೆತ್ತಗಾಗಿದ್ದ. ಆದರೂ ಅವನದೇ ಒಂದು ಸಿಕ್ಕು. "ಈಗ ಚೇಂಬರ್ ಇದೆ, ಸರಿ. ಆವತ್ತು ಇತ್ತು ಅಂತ ಯಾರು ಹೇಳ್ಬೇಕು? ಮನೆ ಯಜಮಾನರು ಆವತ್ತು ಇಲ್ಲ ಅಂದಿದಾರೆ. ಅವರೇ ಬಂದು, ಇತ್ತು, ನಾನೇ ಮುಚ್ಚಿಸಿದ್ದೆ ಅಂತ ಒಂದು ಮಾತು ಹೇಳಲಿ. ನಿನ್ನ ಹೆಸರಿನ ಮುಂದಿರೋದನ್ನ ಅಳಿಸ್ತೀನಿ." ಗರಿಗರಿಯ ಹೆಂಡತಿಯ ಮಾತು ಸಾಲದೇ ಎಂದು ಕೇಳಿದರೆ, ಅವರು ಆವತ್ತು ಊರಲ್ಲಿರಲಿಲ್ಲವಲ್ಲ ಎಂದ.

ಗರಿಗರಿಯ ಮನೆಯಿಂದ ಆ ಕಚೇರಿಗೆ ನಡೆದೇ ಹೋಗಬಹುದು.

ಅವನು ಇಲ್ಲ ಎನ್ನಲಿಲ್ಲ, ಅದೇ ನನಗೆ ಹೆಚ್ಚು ಅಸಹ್ಯ. "ಹೇಳೋಣ, ಹೇಳೋಣ. ಅಂಗಡೀಲಿ ಸೀಸನ್ ಮುಗೀಲಿ," ಎಂದ. ಸೀಸನ್ ಮುಗಿಯಿತು. "ದಂಡ ಗಿಂಡ ಹಾಕಲ್ಲ ಅಂತ ಮೊದ್ಲು ವಿಚಾರಿಸ್ಬೇಕು," ಎಂದ. ವಿಚಾರಿಸಿದವರು ನಾವೇ. ಹಾಕುವುದಿಲ್ಲ ಎಂದರು. ಆಮೇಲೆ ಅವನಿಗೆ ಬೆನ್ನು ನೋವು. ಬೆನ್ನು ನೋವಿನಲ್ಲೇ ಅಂಗಡಿಗೆ ಮಾತ್ರ ಹೋಗಿಬರುತ್ತಿದ್ದ. ನಡುವೆ ಒಮ್ಮೆ ಒಳ್ಳೆಯ ಬಟ್ಟೆಯ ಎರಡು ಪೀಸು ತಂದು ನಮ್ಮ ಮನೆಯ ಮೇಜಿನ ಮೇಲೆ ಇಟ್ಟ. ನಾದಿನಿ ಅವನ್ನು ಮಡಿಕೆ ಬಿಚ್ಚದೆ ಅವನ ಕೈಗೇ ಕೊಟ್ಟು, "ಅಣ್ಣ, ಇದಲ್ಲ ನಾನು ಕೇಳಿದ್ದು," ಎಂದಳು.

"ಅಷ್ಟು ದೊಡ್ಡ ವಿಷಯಾನಾ ಅದು? ಈಗ ಎಲ್ಲಾ ಸರಿಹೋಯ್ತಲ್ಲ."

"ನಿನಗೆ ಸರಿಹೋಯ್ತು."

ಆಮೇಲೆ ಬೇರೆ ಸರ್ವೆಗಳು ಬಂದವು. ಬೀದಿದೀಪದ್ದು, ಮರಗಳದ್ದು. ಎರಡಕ್ಕೂ ಹೋದಳು. ಎರಡು ಕಡೆಯೂ ಹೆಸರು ಹಾಕಿದ ಕೂಡಲೇ ಹಳೆಯ ಗುರುತು ಪರದೆಯ ಮೇಲೆ ಬಂತು. ಈಗ ಕೊರಿಯರ್ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾಳೆ. ಇಡೀ ದಿನ ಚಾವಣಿಯ ಕೆಳಗಿನ ಕೆಲಸ. ಕಿಟಕಿಯೂ ಇಲ್ಲ ಎನ್ನುತ್ತಾಳೆ.

ಕರವಸ್ತ್ರದವನಿಗೆ ವರ್ಗವಾಯಿತೆಂದು ಗೊತ್ತಾದ ದಿನ ನಾನು ಗರಿಗರಿಯನ್ನು ತಿರುವಿನಲ್ಲಿ ನಿಲ್ಲಿಸಿದೆ. ಹೊಸಬರು ಬಂದಿದ್ದಾರೆ, ಹಳೆಯದನ್ನು ಅವರ ಮುಂದೆ ಹೇಳಿದರೂ ಆಗುತ್ತದಂತೆ, ಈಗಲೇ ನಡೆಯಿರಿ, ನಾನೂ ಬರುತ್ತೇನೆ ಎಂದೆ. ಅವನು ಗಡಿಯಾರ ನೋಡಿಕೊಂಡ. "ಹೊಸಬರಿಗೆ ಹಳೇ ಕತೆ ಯಾಕೆ? ಇನ್ನೊಂದಿನ ನೋಡೋಣ," ಎಂದು ಅಂಗಿಯ ತೋಳು ನೀವಿಕೊಂಡು ಬಸ್ಸು ಹತ್ತಿದ. ಅವನು ಹೇಳಬೇಕಾಗಿದ್ದು ಅದೊಂದು ಮಾತು. ಇನ್ನೂ ಹೇಳಿಲ್ಲ.